ಪ್ರಶ್ನೋತ್ತರ: ಕರೆಂಟು ಯಾವುದರಲ್ಲಿ ಹೇಗೆ ಹರಿಯುತ್ತದೆ?

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ವಿದ್ಯುತ್ತು ಮತ್ತು ಅದು ಹರಿಯುವ ವಸ್ತುಗಳ ಬಗ್ಗೆ. ಮನೆಬಳಕೆಯ ಲೆಕ್ಕ ಬಂದಲ್ಲೆಲ್ಲ 230 ವೋಲ್ಟ್, 50 ಹರ್ಟ್ಸ್ ಪೂರೈಕೆ ಎಂದು ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ತಾಮ್ರದ ತಂತಿಯಲ್ಲೂ ಎಲೆಕ್ಟ್ರಾನುಗಳಿವೆ, ಅದರ ಮೇಲಿನ ಪ್ಲಾಸ್ಟಿಕ್ಕಿನಲ್ಲೂ ಇವೆ. ಹಾಗಿದ್ದೂ ಒಂದರಲ್ಲಿ ಮಾತ್ರ ಕರೆಂಟು ಹರಿಯುವುದೇಕೆ? ಸ್ವಿಚ್ ಒತ್ತಿದ ಕ್ಷಣವೇ ದೀಪ ಹತ್ತುವಷ್ಟು ವೇಗವಾಗಿ ಎಲೆಕ್ಟ್ರಾನುಗಳು ಓಡುತ್ತವೆಯೇ?

ಎಲೆಕ್ಟ್ರಾನುಗಳು ಎಷ್ಟಿವೆ ಎನ್ನುವುದಕ್ಕಿಂತ ಎಷ್ಟು ಬಿಡುವಾಗಿವೆ ಎನ್ನುವುದು ಮುಖ್ಯ. ಪ್ಲಾಸ್ಟಿಕ್ಕಿನಲ್ಲಿ ಅವು ಪರಮಾಣುಗಳ ನಡುವಿನ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತವೆ. ತಾಮ್ರದಲ್ಲಿ ಪ್ರತಿ ಪರಮಾಣುವೂ ಹೆಚ್ಚುಕಡಿಮೆ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟಿರುತ್ತದೆ. ಅದು ಯಾವ ಒಂದು ಪರಮಾಣುವಿಗೂ ಸೇರದೆ ಲೋಹದ ತುಂಬ ಅಲೆಯುತ್ತದೆ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಇಂಥ ಎಲೆಕ್ಟ್ರಾನುಗಳು ಸುಮಾರು ಎಂಟೂವರೆ ಲಕ್ಷ ಕೋಟಿ ಕೋಟಿ. ಒಳ್ಳೆಯ ಪ್ಲಾಸ್ಟಿಕ್ಕಿನ ರೋಧಶೀಲತೆ (ಒಂದೇ ಅಳತೆಯ ತುಂಡು ಕರೆಂಟಿಗೆ ಒಡ್ಡುವ ತಡೆ) ತಾಮ್ರದ ಎಷ್ಟು ಪಟ್ಟು ಎಂದು ಬರೆಯಲು ಹೊರಟರೆ 1ರ ಮುಂದೆ ಇಪ್ಪತ್ತರ ಆಸುಪಾಸು ಸೊನ್ನೆ ಹಾಕಬೇಕು.

ವೇಗದ ವಿಷಯದಲ್ಲಿ ಉತ್ತರ ಅನೇಕರಿಗೆ ಅಚ್ಚರಿ ತರುತ್ತದೆ. 1.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 1 ಆಂಪಿಯರ್ ನೇರ ವಿದ್ಯುತ್ತು (ಡಿಸಿ) ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸಾಗುವುದು ಸೆಕೆಂಡಿಗೆ 0.05 ಮಿ.ಮೀ., ಅಂದರೆ ಗಂಟೆಗೆ ಒಂದು ಗೇಣಿಗಿಂತ ಕಡಿಮೆ. ದಿಕ್ಕು ಬದಲಿಸುತ್ತಿರುವ ಎಸಿ ವಿದ್ಯುತ್ತಿನಲ್ಲಂತೂ ಅವು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ದೂರ ಹಿಂದೆ ಮುಂದೆ ಆಡುತ್ತವಷ್ಟೆ. ನೀರು ತುಂಬಿದ ಪೈಪಿನ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರು ಅಲ್ಲಿಂದ ಬರುವವರೆಗೆ ಕಾಯಬೇಕಿಲ್ಲವಲ್ಲ, ಇದೂ ಹಾಗೆಯೇ. ತಂತಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ಇವೆ. ಸ್ವಿಚ್ ಒತ್ತಿದಾಗ ವಿದ್ಯುತ್ ಕ್ಷೇತ್ರ ಬೆಳಕಿನ ವೇಗದ ಅರ್ಧಕ್ಕೂ ಹೆಚ್ಚು ವೇಗದಲ್ಲಿ ತಲುಪುತ್ತದೆ, ಎಲ್ಲ ಕಡೆಯ ಎಲೆಕ್ಟ್ರಾನುಗಳೂ ಬಹುತೇಕ ಒಟ್ಟಿಗೇ ಅಲುಗುತ್ತವೆ.

ಪ್ರಶ್ನೆ: ಚಿನ್ನವೇ ಅತ್ಯುತ್ತಮ ವಾಹಕವಂತೆ, ಅದಕ್ಕೇ ದುಬಾರಿ ಪಿನ್ನುಗಳಿಗೆ ಚಿನ್ನದ ಲೇಪ ಕೊಡುತ್ತಾರಂತೆ. ನಿಜವೇ?

ಲೇಪ ಕೊಡುವುದು ನಿಜ, ಕಾರಣ ತಪ್ಪು. ಒಂದು ಮೀಟರ್ ಉದ್ದ, ಒಂದು ಚದರ ಮಿ.ಮೀ. ದಪ್ಪದ ತಂತಿಯ ರೋಧ ಬೆಳ್ಳಿಯಲ್ಲಿ 0.016 ಓಮ್, ತಾಮ್ರದಲ್ಲಿ 0.017, ಚಿನ್ನದಲ್ಲಿ 0.024, ಅಲ್ಯೂಮಿನಿಯಮ್ಮಿನಲ್ಲಿ 0.028, ಕಬ್ಬಿಣದಲ್ಲಿ ಸುಮಾರು 0.1, ಹೀಟರಿನ ತಂತಿಗೆ ಬಳಸುವ ನೈಕ್ರೋಮಿನಲ್ಲಿ 1.1. ತಾಮ್ರಕ್ಕಿಂತ ಚಿನ್ನ ಹಿಂದೆ. ಆದರೆ ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಕೆಲವೇ ಮಿಲಿವೋಲ್ಟಿನ ಸಂಕೇತ ದಾಟಬೇಕಾದ ಕಡೆ ತೆಳು ಆಕ್ಸೈಡ್ ಪೊರೆಯೂ ತೊಡಕು. ಅಲ್ಲಿ ಚಿನ್ನ ಬೇಕು. ದೀಪದ ಸ್ವಿಚ್ಚಿಗೆ ಅದು ವ್ಯರ್ಥ.

ಪ್ರಶ್ನೆ: ಮನೆಯಿಂದ 60 ಮೀಟರ್ ದೂರದಲ್ಲಿ ಒಂದು ಎಚ್‌ಪಿ ಸಿಂಗಲ್ ಫೇಸ್ ಪಂಪು ಇದೆ. 1.5 ಚದರ ಮಿ.ಮೀ. ತಾಮ್ರದ ವೈರು ಎಳೆದಿದ್ದೇವೆ. ಮೋಟರು ಕೆಲವೊಮ್ಮೆ ಗುಂಯ್‌ಗುಡುತ್ತಾ ನಿಂತುಬಿಡುತ್ತದೆ, ತಿರುಗುವುದಿಲ್ಲ. ಮೋಟರನ್ನು ಮನೆಯ ಹತ್ತಿರ ತಂದು ಹಾಕಿದರೆ ಸರಿಯಾಗಿ ಓಡುತ್ತದೆ. ತಾಮ್ರ ಒಳ್ಳೆಯ ವಾಹಕ ತಾನೆ?

ಒಳ್ಳೆಯ ವಾಹಕವೇ, ಆದರೆ ಅದರ ರೋಧ ಸೊನ್ನೆಯಲ್ಲ. ರೋಧ ತಿಳಿಯಲು ರೋಧಶೀಲತೆಯನ್ನು ಉದ್ದದಿಂದ ಗುಣಿಸಿ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಉದ್ದದಲ್ಲಿ: ಕರೆಂಟು ಹೋಗಬೇಕು, ವಾಪಸೂ ಬರಬೇಕು. ಹಾಗಾಗಿ ಉದ್ದ 120 ಮೀಟರ್.

0.0172 × 120 ÷ 1.5 = ಸುಮಾರು 1.4 ಓಮ್.

ಓಡುತ್ತಿರುವ ಮೋಟರು 7 ಆಂಪಿಯರ್ ಎಳೆದರೆ ವೈರಿನಲ್ಲೇ ಸುಮಾರು 10 ವೋಲ್ಟ್ ಕಳೆದುಹೋಗುತ್ತದೆ. ಇದು ಸಹ್ಯ. ಆದರೆ ಹೊರಡುವ ಕ್ಷಣದಲ್ಲಿ ಮೋಟರು ಐದಾರು ಪಟ್ಟು ಹೆಚ್ಚು ಎಳೆಯುತ್ತದೆ. 40 ಆಂಪಿಯರ್ ಎಂದುಕೊಂಡರೆ 55 ವೋಲ್ಟ್ ಇಳಿತ, ಮೋಟರಿಗೆ ಸಿಗುವುದು 175 ವೋಲ್ಟ್. ಹೊರಡುವ ತಿರುಚುಬಲ (ಮೋಟರನ್ನು ತಿರುಗಿಸುವ ಬಲ) ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಉಳಿಯುವುದು ಶೇ 58 ಮಾತ್ರ. ಪೂರೈಕೆಯೇ ಸ್ವಲ್ಪ ಕುಗ್ಗಿದ ಹೊತ್ತಿನಲ್ಲಿ ಮೋಟರು ಗುಂಯ್‌ಗುಡುತ್ತಾ ನಿಲ್ಲುವುದಕ್ಕೆ ಇಷ್ಟು ಸಾಕು. ನಿಂತ ಮೋಟರು ಹೊರಡುವ ಕರೆಂಟನ್ನೇ ಎಳೆಯುತ್ತಿರುತ್ತದೆ, ಕೆಲವು ನಿಮಿಷಗಳಲ್ಲಿ ವೈಂಡಿಂಗ್ (ಒಳಗಿನ ತಂತಿಸುರುಳಿ) ಸುಡುತ್ತದೆ. ಕೂಡಲೇ ಆಫ್ ಮಾಡಿ.

4 ಚದರ ಮಿ.ಮೀ. ವೈರು ಹಾಕಿದರೆ ರೋಧ 0.52 ಓಮಿಗೆ ಇಳಿಯುತ್ತದೆ. ಹೊರಡುವಾಗಿನ ಇಳಿತ ಸುಮಾರು 21 ವೋಲ್ಟ್, ತಿರುಚುಬಲ ಶೇ 83. ಇದು ಒರಟು ಲೆಕ್ಕ. ವೋಲ್ಟೇಜು ಇಳಿದಂತೆ ಎಳೆಯುವ ಕರೆಂಟೂ ತುಸು ಇಳಿಯುತ್ತದೆ. ವೈರು ಆರಿಸಲು ಮಾತ್ರ ಇದು ಧಾರಾಳ ಸಾಕು. ವೈರು ಬದಲಿಸುವ ಮುನ್ನ ಮೋಟರು ಹೊರಡಲು ನೆರವಾಗುವ ಕೆಪಾಸಿಟರನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ, ಅದು ಸೊರಗಿದ್ದರೂ ಲಕ್ಷಣ ಇದೇ. ನಿಮ್ಮ ಮೋಟರು ಹತ್ತಿರದಲ್ಲಿ ಚೆನ್ನಾಗಿ ಓಡುವುದರಿಂದ ಅನುಮಾನ ವೈರಿನ ಮೇಲೇ ಹೆಚ್ಚು.

ಇನ್ನೊಂದು ಮಾತು. ಉಳಿದ ವೈರನ್ನು ಸುರುಳಿ ಸುತ್ತಿಟ್ಟು ಭಾರಿ ಕರೆಂಟು ಹರಿಸಬೇಡಿ. ಬಿಡಿಸಿದ ವೈರಿನಲ್ಲಿ ಗಾಳಿಗೆ ಹೋಗುವ ಶಾಖ ಸುರುಳಿಯ ಒಳಗೇ ಉಳಿಯುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿ ಸೆಲ್ಸಿಯಸ್ ಮಾತ್ರ.

ಪ್ರಶ್ನೆ: ಹಳೆಯ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ತಿರುಚಿ ಟೇಪು ಸುತ್ತಿದ್ದೆವು. ಆರು ತಿಂಗಳಲ್ಲಿ ಟೇಪು ಕರಗಿ ಕಪ್ಪಾಗಿದೆ. ಎರಡೂ ಲೋಹ, ಎರಡೂ ವಾಹಕ. ಬಿಸಿ ಎಲ್ಲಿಂದ ಬಂತು?

ಜೋಡಣೆಯಿಂದ. ವಸ್ತು ಎಷ್ಟೇ ಒಳ್ಳೆಯದಿರಲಿ, ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗ ಕೆಟ್ಟರೆ ಎಲ್ಲ ಕೆಟ್ಟಿತು. ಇಲ್ಲಿ ಮೂರು ದೋಷಗಳು ಸೇರಿಕೊಂಡಿವೆ. ಗಾಳಿ ತಗುಲಿದ ಕ್ಷಣವೇ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಆ ಪೊರೆ ಅವಾಹಕ. ಬಿಸಿಯಾದಾಗ ಅಲ್ಯೂಮಿನಿಯಂ ತಾಮ್ರಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಹಿಗ್ಗುತ್ತದೆ. ಮೆದು ಲೋಹವಾದ್ದರಿಂದ ಒತ್ತಡಕ್ಕೆ ನಿಧಾನವಾಗಿ ಹರಡಿಕೊಂಡು ಮತ್ತೆ ಹಳೆಯ ಆಕಾರಕ್ಕೆ ಬರುವುದಿಲ್ಲ, ಹಿಡಿತ ಸಡಿಲವಾಗುತ್ತದೆ. ಮೂರನೆಯದು ತೇವ: ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಚಿಕ್ಕ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ಸವೆಯುತ್ತದೆ.

ಜೋಡಣೆಯ ರೋಧ ಬರೀ 0.1 ಓಮ್‌ಗೆ ಏರಿತು ಎನ್ನಿ. 15 ಆಂಪಿಯರ್ ಹರಿದರೆ ಅಲ್ಲಿ 22 ವಾಟ್ ಶಾಖ, ಅದೂ ಹೆಬ್ಬೆರಳಿನಷ್ಟು ಜಾಗದಲ್ಲಿ. ಅದೇ ಕರೆಂಟಿಗೆ 2.5 ಚದರ ಮಿ.ಮೀ. ತಾಮ್ರದ ಒಂದಿಡೀ ಮೀಟರ್ ವೈರಿನಲ್ಲಿ ಹುಟ್ಟುವ ಶಾಖ ಒಂದೂವರೆ ವಾಟ್. ಬಿಸಿ ಹೆಚ್ಚಿದಂತೆ ಆಕ್ಸೈಡ್ ಹೆಚ್ಚುತ್ತದೆ, ಆಕ್ಸೈಡ್ ಹೆಚ್ಚಿದಂತೆ ಬಿಸಿ. ಇದು ತಾನಾಗಿ ನಿಲ್ಲುವುದಿಲ್ಲ. 22 ವಾಟ್ ಹೆಚ್ಚುವರಿ ಎಂಬುದು ಫ್ಯೂಸಿಗೂ ಎಂಸಿಬಿಗೂ ಗೊತ್ತಾಗುವುದೂ ಇಲ್ಲ, ಏಕೆಂದರೆ ಕರೆಂಟು ಮಿತಿ ದಾಟಿಲ್ಲ.

ಸರಿಪಡಿಸುವ ಕ್ರಮ ಹೀಗೆ. ಮೇನ್ ಆಫ್ ಮಾಡಿ, ಟೆಸ್ಟರ್ ಒಂದನ್ನೇ ನಂಬದೆ ಮೀಟರಿನಿಂದ ಫೇಸ್‌ನಿಂದ ನ್ಯೂಟ್ರಲ್‌ಗೂ ಅರ್ತ್‌ಗೂ ನೋಡಿ. ಕಪ್ಪಾದ ಭಾಗವನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ಎಸೆಯಿರಿ. ಅಲ್ಯೂಮಿನಿಯಂ ತುದಿಯನ್ನು ವೈರ್ ಬ್ರಶ್ಶಿನಿಂದ ಉಜ್ಜಿ, ಆ ಕೂಡಲೇ ಆಕ್ಸೈಡ್ ತಡೆಯುವ ಜಾಯಿಂಟ್ ಪೇಸ್ಟ್ ಹಚ್ಚಿ. ನಡುವೆ ಚಹಾ ಕುಡಿಯಲು ಹೋದರೆ ಉಜ್ಜಿದ್ದು ದಂಡ. ಆಮೇಲೆ ಬೈಮೆಟಲ್ ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ, ಎರಡು ಲೋಹ ಸೇರಿಸಿ ಮಾಡಿದ ತೊಡಿಕೆ) ಅಥವಾ ಎರಡೂ ಲೋಹಕ್ಕೆಂದೇ ಮಾಡಿದ ಕನೆಕ್ಟರ್ ಹಾಕಿ, ಸರಿಯಾದ ಅಳತೆಯ ಡೈ ಇರುವ ಕ್ರಿಂಪಿಂಗ್ ಟೂಲಿನಿಂದ ಒತ್ತಿ. ಕಟಿಂಗ್ ಪ್ಲೇಯರಿನಿಂದ ಜಜ್ಜಿದ ಲಗ್ ಲಗ್ಗೇ ಅಲ್ಲ. ಸ್ಕ್ರೂ ಟರ್ಮಿನಲ್ ಆದರೆ ತಯಾರಕರು ಹೇಳಿದಷ್ಟೇ ಬಿಗಿ ಮಾಡಿ, ಅತಿ ಬಿಗಿಯಾದರೆ ಮೆದು ತಂತಿ ಚಪ್ಪಟೆಯಾಗಿ ಇನ್ನೂ ಬೇಗ ಸಡಿಲವಾಗುತ್ತದೆ. ಹೊರಾಂಗಣದಲ್ಲಿ ಅಲ್ಯೂಮಿನಿಯಂ ಮೇಲಿರಲಿ, ತಾಮ್ರ ಕೆಳಗಿರಲಿ. ತಾಮ್ರದಿಂದ ತೊಟ್ಟಿಕ್ಕುವ ನೀರಿನಲ್ಲಿರುವ ತಾಮ್ರದ ಲವಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಹೀಗೆಂದು ಅಲ್ಯೂಮಿನಿಯಂ ಕೆಟ್ಟದ್ದಲ್ಲ. ಅಷ್ಟೇ ರೋಧಕ್ಕೆ 1.6 ಪಟ್ಟು ದಪ್ಪ ಬೇಕಾದರೂ ತೂಕ ತಾಮ್ರದ ಅರ್ಧದಷ್ಟು. ಕಂಬದಿಂದ ಕಂಬಕ್ಕೆ ಎಳೆಯುವ ತಂತಿಗೆ ಅದೇ ಸರಿ.

ಪ್ರಶ್ನೆ: 100 ವಾಟಿನ ಹಳೆ ಮಾದರಿಯ ಬಲ್ಬಿನ ರೋಧ ಲೆಕ್ಕದ ಪ್ರಕಾರ 529 ಓಮ್ ಇರಬೇಕು. ನನ್ನ ಮಲ್ಟಿಮೀಟರ್ 38 ತೋರಿಸುತ್ತದೆ. ಇಸ್ತ್ರಿಪೆಟ್ಟಿಗೆಗೆ ಮಾತ್ರ ಲೆಕ್ಕಕ್ಕೆ ಹತ್ತಿರದ ಅಂಕಿಯೇ ಬರುತ್ತದೆ. ಮೀಟರ್ ಕೆಟ್ಟಿದೆಯೇ?

ಮೀಟರ್ ಸರಿಯಾಗಿದೆ. ನೀವು ಅಳೆದದ್ದು ತಣ್ಣಗಿನ ಬಲ್ಬು, ಲೆಕ್ಕ ಹಾಕಿದ್ದು ಉರಿಯುವ ಬಲ್ಬು. ಲೋಹ ಬಿಸಿಯಾದಂತೆ ಅದರ ಪರಮಾಣುಗಳು ಹೆಚ್ಚು ಕಂಪಿಸಿ ಎಲೆಕ್ಟ್ರಾನುಗಳ ದಾರಿ ಕೆಡಿಸುತ್ತವೆ. ಟಂಗ್‌ಸ್ಟನ್ ತಂತು ಸುಮಾರು 2500 ಡಿಗ್ರಿಗೆ ಏರುವುದರಿಂದ ರೋಧ ಹನ್ನೆರಡು ಹದಿನೈದು ಪಟ್ಟು ಹೆಚ್ಚುತ್ತದೆ. ಹೊತ್ತಿಸಿದ ಮೊದಲ ಕ್ಷಣದಲ್ಲಿ ಆ ಬಲ್ಬು 6 ಆಂಪಿಯರ್‌ವರೆಗೆ ಎಳೆಯುತ್ತದೆ, ಬಲ್ಬುಗಳು ಸಾಮಾನ್ಯವಾಗಿ ಸ್ವಿಚ್ ಹಾಕಿದಾಗಲೇ ಹೋಗುವುದು ಅದಕ್ಕೇ. ಇಸ್ತ್ರಿಪೆಟ್ಟಿಗೆಯೊಳಗಿನ ನೈಕ್ರೋಮ್ ಮಿಶ್ರಲೋಹ. ನಿಕ್ಕಲ್ ಮತ್ತು ಕ್ರೋಮಿಯಂ ಪರಮಾಣುಗಳು ಅಡ್ಡಾದಿಡ್ಡಿ ಬೆರೆತು ದಾರಿ ಮೊದಲೇ ಕೆಟ್ಟಿರುತ್ತದೆ, ಕಂಪನದಿಂದ ಹೆಚ್ಚಿಗೆ ಕೆಡುವುದು ಕೆಲವೇ ಶೇಕಡ.

ಇದಕ್ಕೆ ಸೇರಿದ ಇನ್ನೊಂದು ಪತ್ರ: ಸ್ಟೌವಿನ 1000 ವಾಟ್ ಕಾಯಿಲ್ ತುಂಡಾದರೆ ತಿರುಚಿ ಬಳಸಬಹುದೇ? ಬೇಡ. 0.4 ಮಿ.ಮೀ. ವ್ಯಾಸದ ನೈಕ್ರೋಮ್ ಆದರೆ 53 ಓಮ್ ಬರಲು ಸುಮಾರು 6 ಮೀಟರ್ ಉದ್ದವಿರುತ್ತದೆ. ತಿರುಚುವಾಗ ಹತ್ತನೇ ಒಂದು ಭಾಗ ಕಳೆದುಕೊಂಡರೆ ಶಕ್ತಿ 1110 ವಾಟಿಗೆ ಏರುತ್ತದೆ, ಅದನ್ನು ಹೊರಹಾಕುವ ಮೇಲ್ಮೈ ಮಾತ್ರ ಇಳಿದಿರುತ್ತದೆ. ಚದರ ಸೆಂಟಿಮೀಟರಿಗೆ ಹೊರೆ ಶೇ 23 ಹೆಚ್ಚು. ತಿರುಚಿದ ಗಂಟಿನ ಮೇಲೂ ಆಕ್ಸೈಡ್ ಕಟ್ಟಿ ಅದು ಉಳಿದೆಲ್ಲ ಕಡೆಗಿಂತ ಕೆಂಪಾಗಿ ಮತ್ತೆ ಅಲ್ಲೇ ತುಂಡಾಗುತ್ತದೆ. ಹೊಸ ಕಾಯಿಲ್ ಹಾಕಿ.

ಪ್ರಶ್ನೆ: ಶುದ್ಧ ನೀರಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಪುಸ್ತಕ ಹೇಳುತ್ತದೆ. ಲೋಟದ ನೀರಿಗೆ ಮಲ್ಟಿಮೀಟರಿನ ಎರಡು ಕಡ್ಡಿ ಅದ್ದಿದರೆ ಅಂಕಿ ನಿಲ್ಲದೆ ಏರುತ್ತಲೇ ಹೋಗುತ್ತದೆ. ಯಾವುದನ್ನು ನಂಬಬೇಕು?

ಪುಸ್ತಕದ ಮಾತು ಹೆಚ್ಚುಕಡಿಮೆ ಸರಿ, ಆ 'ಶುದ್ಧ' ನಿಮಗೆ ಸಿಗುವುದಿಲ್ಲ ಅಷ್ಟೆ. ನೀರಿನಲ್ಲಿ ಬಿಡುವಾಗಿ ಓಡಾಡುವ ಎಲೆಕ್ಟ್ರಾನುಗಳಿಲ್ಲ, ಕರೆಂಟನ್ನು ಹೊರುವುದು ಅಯಾನುಗಳು, ಅಂದರೆ ಧನ ಅಥವಾ ಋಣ ಆವೇಶ ಹೊತ್ತ ಕಣಗಳು. ಅತಿಶುದ್ಧ ನೀರಿನಲ್ಲೂ ಸುಮಾರು 55 ಕೋಟಿ ಅಣುಗಳಿಗೆ ಒಂದು ತಾನಾಗಿ ಒಡೆದು ಅಯಾನಾಗಿರುತ್ತದೆ. ಆದ್ದರಿಂದ ಒಂದು ಸೆಂಟಿಮೀಟರ್ ಘನದ ಎದುರುಬದುರು ಮುಖಗಳ ನಡುವೆ 25 ಡಿಗ್ರಿಯಲ್ಲಿ ರೋಧ 1.8 ಕೋಟಿ ಓಮ್. ಅದನ್ನು ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಕರಗಿಯೇ ಸುಮಾರು 10 ಲಕ್ಷ ಓಮಿಗೆ ಬೀಳುತ್ತದೆ. ಸಾಧಾರಣ ನಲ್ಲಿ ನೀರಿನ ಅದೇ ಘನ ಕೆಲವು ಸಾವಿರ ಓಮ್, ಸಮುದ್ರದ ನೀರು ಸುಮಾರು 20 ಓಮ್. ತಾಮ್ರದ ಅಂಥದೇ ಘನಕ್ಕೆ ಇದು ಓಮಿನ ಹತ್ತು ಲಕ್ಷದ 1.7 ಭಾಗ! ಉಪ್ಪುನೀರು 'ಒಳ್ಳೆಯ ವಾಹಕ' ಎನ್ನುವುದು ಬೇರೆ ನೀರಿಗೆ ಹೋಲಿಸಿದಾಗ ಮಾತ್ರ.

ಮೀಟರಿನ ಅಂಕಿ ಏಕೆ ಏರುತ್ತದೆ? ಮಲ್ಟಿಮೀಟರ್ ನೇರ ವಿದ್ಯುತ್ತನ್ನು ಹಾಯಿಸುತ್ತದೆ. ಧನ ಅಯಾನುಗಳು ಒಂದು ಕಡ್ಡಿಯ ಬಳಿ, ಋಣ ಅಯಾನುಗಳು ಇನ್ನೊಂದರ ಬಳಿ ಗುಂಪುಗೂಡಿ ಎದುರು ವೋಲ್ಟೇಜು ಬೆಳೆಸುತ್ತವೆ. ಮೀಟರ್ ಅದನ್ನು ಹೆಚ್ಚಿದ ರೋಧ ಎಂದು ಓದುತ್ತದೆ. ಕಡ್ಡಿಗಳನ್ನು ಅದಲುಬದಲು ಮಾಡಿ ನೋಡಿ, ಅಂಕಿ ತಟ್ಟನೆ ಕುಸಿದು ಮತ್ತೆ ಏರುತ್ತದೆ. ನೀರಿನಲ್ಲಿ ಕರಗಿದ ಲವಣ ಅಂದಾಜಿಸುವ ಟಿಡಿಎಸ್ ಮೀಟರುಗಳು ದಿಕ್ಕು ಬದಲಿಸುತ್ತಿರುವ ವಿದ್ಯುತ್ತನ್ನು ಬಳಸುವುದು ಈ ತೊಂದರೆ ತಪ್ಪಿಸಲೆಂದೇ.

ಟಿಡಿಎಸ್ ಮೀಟರಿಗೂ ಕುರುಡು ಜಾಗಗಳಿವೆ. ಅದು ಅಳೆಯುವುದು ವಾಹಕತೆಯನ್ನು, 0.5ರಿಂದ 0.7ರ ನಡುವಿನ ಒಂದು ಅಂಕಿಯಿಂದ ಗುಣಿಸಿ ಕರಗಿದ ಲವಣದ ಅಂದಾಜು ತೋರಿಸುತ್ತದೆ. ಒಂದು ಡಿಗ್ರಿ ಉಷ್ಣತೆಗೆ ವಾಹಕತೆ ಶೇ 2ರಷ್ಟು ಬದಲಾಗುವುದರಿಂದ ಬಿಸಿನೀರನ್ನೂ ತಣ್ಣೀರನ್ನೂ ಹೋಲಿಸಬೇಡಿ. ಸಕ್ಕರೆ ಅಯಾನಾಗಿ ಒಡೆಯುವುದಿಲ್ಲ, ಹಾಗಾಗಿ ಪಾನಕದ ಸಕ್ಕರೆ ಅದಕ್ಕೆ ಕಾಣಿಸದು. ರೋಗಾಣುಗಳೂ ಕಾಣಿಸವು. ಕಡಿಮೆ ಅಂಕಿ ಬಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಎನ್ನುವುದು ತಪ್ಪು.

ಪ್ರಶ್ನೆ: ಪೆನ್ಸಿಲ್ ಗೆರೆಯ ಮೇಲೆ ಎಲ್‌ಇಡಿ ಹೊತ್ತಿಸುವ ಪ್ರಯೋಗ ಶಾಲೆಯಲ್ಲಿ ಕೈಕೊಟ್ಟಿತು. ಏನು ತಪ್ಪಿರಬಹುದು?

ಬಹುಶಃ ಎಚ್‌ಬಿ ಅಥವಾ ಅದಕ್ಕಿಂತ ಗಟ್ಟಿ ಪೆನ್ಸಿಲ್ ಬಳಸಿದ್ದೀರಿ. ಕಡ್ಡಿ ಗಟ್ಟಿಯಾದಷ್ಟೂ ಜೇಡಿಮಣ್ಣು ಹೆಚ್ಚು, ಗ್ರಾಫೈಟ್ ಕಡಿಮೆ. 6ಬಿ ಪೆನ್ಸಿಲಿನಲ್ಲಿ ಒಂದು ಸೆಂ.ಮೀ. ಅಗಲ, ಎರಡು ಸೆಂ.ಮೀ. ಉದ್ದದ ಪಟ್ಟಿಯನ್ನು ಕಾಗದ ಹೊಳೆಯುವವರೆಗೆ ತೀಡಿ. 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ ಬಳಸಿ, ಎಲ್‌ಇಡಿಯ ಉದ್ದ ಕಾಲು ಧನ ತುದಿಯ ಕಡೆಗಿರಲಿ. ಪಟ್ಟಿಯ ರೋಧ ಹತ್ತು ಸಾವಿರ ಓಮ್ ಇದ್ದರೂ 0.7 ಮಿಲಿಆಂಪಿಯರ್ ಹರಿಯುತ್ತದೆ, ಕತ್ತಲಲ್ಲಿ ಬೆಳಕು ಕಾಣುತ್ತದೆ. ಪಟ್ಟಿ ಬಿಟ್ಟು ಎಲ್‌ಇಡಿಯನ್ನು ನೇರ ಬ್ಯಾಟರಿಗೆ ತಾಗಿಸಿದರೆ ಅದು ಸುಟ್ಟುಹೋಗುತ್ತದೆ.

ಪ್ರಶ್ನೆ: ಒಣಗಿದ ಕೈ, ಕಾಲಲ್ಲಿ ರಬ್ಬರ್ ಚಪ್ಪಲಿ, ಮರದ ಸ್ಟೂಲು. ಇಷ್ಟಿದ್ದರೆ ಲೈವ್ ವೈರಿನಲ್ಲಿ ಕೆಲಸ ಮಾಡಬಹುದೇ? ಮೀಟರಿನಲ್ಲಿ ನನ್ನ ಕೈಯಿಂದ ಕೈಗೆ ರೋಧ ಐದು ಲಕ್ಷ ಓಮ್ ಇದೆ.

ಮಾಡಬಾರದು. ಆ ಐದು ಲಕ್ಷ ಮೀಟರಿನ ಒಂದೆರಡು ವೋಲ್ಟಿಗೆ ಒಣ ಚರ್ಮ ತೋರಿದ ರೋಧ. 230 ವೋಲ್ಟಿಗೆ ಚರ್ಮದ ಪದರ ಸೋಲುತ್ತದೆ. ಬಿಗಿಯಾಗಿ ಹಿಡಿದಾಗ ಇಡೀ ದೇಹದ ರೋಧ ಸಾವಿರದಿಂದ ಎರಡು ಸಾವಿರ ಓಮಿಗೆ ಬೀಳಬಹುದು, ಅಂದರೆ ನೂರು ಮಿಲಿಆಂಪಿಯರಿಗೂ ಹೆಚ್ಚು. ಪ್ರಾಣರಕ್ಷಣೆಗೆಂದು ಹಾಕುವ, ನೆಲಕ್ಕೆ ಸೋರುವ ಕರೆಂಟು ಕಂಡರೆ ಪೂರೈಕೆ ಕಡಿಯುವ ಆರ್‌ಸಿಸಿಬಿ 30 ಮಿಲಿಆಂಪಿಯರಿಗೇ ಕಡಿದುಕೊಳ್ಳುವಂತೆ ಮಾಡಿರುವುದನ್ನು ನೆನೆಯಿರಿ.

ಚಪ್ಪಲಿ, ಸ್ಟೂಲುಗಳು ತಡೆಯುವುದು ಕಾಲಿನ ದಾರಿಯನ್ನು ಮಾತ್ರ. ಇನ್ನೊಂದು ಕೈ ನ್ಯೂಟ್ರಲ್ಲಿಗೋ ನೀರಿನ ಪೈಪಿಗೋ ತಾಗಿದರೆ ದಾರಿ ಎದೆಯ ಮೂಲಕ. ಆಗ ಆರ್‌ಸಿಸಿಬಿ ಕೂಡ ಫೇಸ್‌ನಿಂದ ನ್ಯೂಟ್ರಲ್ಲಿಗೆ ಹರಿಯುವ ಕರೆಂಟನ್ನು ಗುರುತಿಸುವುದಿಲ್ಲ, ಅದಕ್ಕೆ ನೀವೂ ಒಂದು ಬಲ್ಬಿನಂತೆಯೇ. ಒಣ ಮರ ಒಳ್ಳೆಯ ಅವಾಹಕ, ತೇವ ಹೀರಿದ ಮರ ಅಲ್ಲ. ಕಪ್ಪು ರಬ್ಬರಿನಲ್ಲಿ ಇಂಗಾಲದ ಪುಡಿ ಬೆರೆಸಿರುತ್ತಾರೆ, ಅದು ಹೆಚ್ಚಿದ್ದರೆ ರಬ್ಬರೇ ವಾಹಕವಾಗುತ್ತದೆ.

ಪ್ರಶ್ನೆ: 'ಎಸಿ 250 ವೋಲ್ಟ್, 6 ಆಂಪಿಯರ್' ಎಂದಿರುವ ಸ್ವಿಚ್ಚನ್ನು ಸೋಲಾರ್ ಪ್ಯಾನೆಲ್ಲಿನ 120 ವೋಲ್ಟ್ ಡಿಸಿ ಲೈನಿಗೆ ಹಾಕಬಹುದಲ್ಲವೇ? ವೋಲ್ಟೇಜು ಅರ್ಧವೇ ಇದೆ.

ಬೇಡ. ಗಾಳಿ ಅವಾಹಕ, ಒಂದು ಮಿ.ಮೀ. ಗಾಳಿಯನ್ನು ಸೀಳಲು ಸುಮಾರು 3000 ವೋಲ್ಟ್ ಬೇಕು. ಆದರೆ ಹರಿಯುತ್ತಿರುವ ಕರೆಂಟನ್ನು ಬಿಡಿಸುವಾಗ ಸಂಪರ್ಕಗಳು ಕೂದಲೆಳೆಯಷ್ಟು ದೂರವಾದ ಕ್ಷಣದಲ್ಲೇ ಕಿಡಿ ಹುಟ್ಟಿ ಗಾಳಿ ಅಯಾನೀಕರಣವಾಗುತ್ತದೆ, ಒಮ್ಮೆ ಹಾಗಾದರೆ ಅದು ವಾಹಕವೇ. ಎಸಿಯಲ್ಲಿ ಸೆಕೆಂಡಿಗೆ 100 ಸಲ ಕರೆಂಟು ಸೊನ್ನೆ ಮುಟ್ಟುವುದರಿಂದ ಕಿಡಿ ಆರುತ್ತದೆ. ಡಿಸಿಯಲ್ಲಿ ಸೊನ್ನೆ ಬರುವುದೇ ಇಲ್ಲ, ಕಿಡಿ ಉದ್ದವಾಗುತ್ತಾ ಸ್ವಿಚ್ಚಿನ ಒಳಗನ್ನು ಸುಡುತ್ತದೆ. ಆ ವೋಲ್ಟೇಜಿಗೆ ಡಿಸಿ ಎಂದೇ ನಮೂದಿಸಿದ ಐಸೊಲೇಟರ್ (ಲೈನು ಬೇರ್ಪಡಿಸುವ ಸ್ವಿಚ್) ಬಳಸಿ.

ಪ್ರಶ್ನೆ: ಮಳೆಯಲ್ಲಿ ನೆನೆದ ಮೋಟರು ಮುಟ್ಟಿದರೆ ಜುಮ್ಮೆನ್ನುತ್ತದೆ. ಮಲ್ಟಿಮೀಟರಿನಲ್ಲಿ ವೈಂಡಿಂಗಿನಿಂದ ಬಾಡಿಗೆ ಏನೂ ತೋರಿಸುವುದಿಲ್ಲ. ಒಣಗಿಸಿದರೆ ಸಾಕೇ?

ಮೊದಲು ಅರ್ತ್ ವೈರನ್ನು ನೋಡಿ. ಅದು ಸರಿಯಿದ್ದರೆ ಬಾಡಿ ಜುಮ್ಮೆನ್ನಬಾರದಿತ್ತು. ಇನ್ನು ಅವಾಹಕದ ಗುಣವನ್ನು ಒಂಬತ್ತು ವೋಲ್ಟ್ ಬ್ಯಾಟರಿಯ ಮಲ್ಟಿಮೀಟರಿನಿಂದ ತಿಳಿಯಲಾಗದು. ಬೇಕಾದದ್ದು ಮೆಗ್ಗರ್, ಅಂದರೆ ಹೆಚ್ಚಿನ ವೋಲ್ಟೇಜು ಕೊಟ್ಟು ಅವಾಹಕದ ರೋಧ ಅಳೆಯುವ ಮೀಟರ್, 500 ವೋಲ್ಟ್ ಡಿಸಿಯದು. ಪೂರೈಕೆ, ಕೆಪಾಸಿಟರ್, ಎಲೆಕ್ಟ್ರಾನಿಕ್ ಸ್ಟಾರ್ಟರ್ ಎಲ್ಲ ಬಿಚ್ಚಿಟ್ಟು, ಒಂದು ತುದಿಯನ್ನು ವೈಂಡಿಂಗಿಗೂ ಇನ್ನೊಂದನ್ನು ಬಣ್ಣ ಕೆರೆದ ಬಾಡಿಗೂ ಹಾಕಿ ಒಂದು ನಿಮಿಷದ ನಂತರದ ಅಂಕಿ ಬರೆದುಕೊಳ್ಳಿ. ಒಂದು ಮೆಗಾಓಮ್‌ಗಿಂತ ಕಡಿಮೆಯಿದ್ದರೆ ಓಡಿಸಬೇಡಿ. ಮೆಗ್ಗರಿನ ತುದಿಗಳನ್ನು ಬಿಚ್ಚುವ ಮುನ್ನ ವೈಂಡಿಂಗನ್ನು ಬಾಡಿಗೆ ತಾಗಿಸಿ, ಉಳಿದ ವಿದ್ಯುತ್ತನ್ನು ಖಾಲಿ ಮಾಡಿ.

ಒಣಗಿಸಲು ಬಾಡಿಯ ಉಷ್ಣತೆ 60–70 ಡಿಗ್ರಿ ದಾಟದಂತೆ ಬಿಸಿಗಾಳಿ ಹಾಯಿಸಿ, ಆವಿ ಹೊರಹೋಗಲು ಎರಡೂ ಕಡೆಯ ಮುಚ್ಚಳ ತೆರೆದಿಡಿ. ಬಿಸಿಯಾಗತೊಡಗಿದ ಮೇಲೆ ಮೆಗ್ಗರ್ ಅಂಕಿ ಮೊದಲು ಇಳಿಯುತ್ತದೆ, ಗಾಬರಿಯಾಗಬೇಡಿ: ಅವಾಹಕಗಳ ರೋಧ ಉಷ್ಣತೆಗೆ ಇಳಿಯುವುದು ಸಹಜ, ಸುಮಾರು ಹತ್ತು ಡಿಗ್ರಿಗೆ ಅರ್ಧ. ತೇವ ಹೋಗುತ್ತಿದ್ದಂತೆ ಅಂಕಿ ತಿರುಗಿ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಹಾಗೆ ನಿಂತ ಮೇಲೆ ತಣಿಯಲು ಬಿಟ್ಟು ಮತ್ತೊಮ್ಮೆ ಅಳೆಯಿರಿ. ಎಷ್ಟು ಹೊತ್ತು ಒಣಗಿಸಿದರೂ ಅಂಕಿ ಏರದಿದ್ದರೆ ದೋಷ ತೇವದ್ದಲ್ಲ, ವೈಂಡಿಂಗಿನ ಅವಾಹಕ ಲೇಪವಾದ ವಾರ್ನಿಶ್ ಒಡೆದಿದೆ, ರೀವೈಂಡಿಂಗ್ ಮಾಡಿಸಬೇಕು.